ಕೆಟ್ಟ ಕನಸು ಬೇಡ ಅಂದವನು

ಇಂಟರ್ನಲ್ಸ್ ಮುಗಿದ ರಾತ್ರಿ ಏನಾದ್ರೂ ಒಂದು ಸೀರೀಸ್ ಹಾಕ್ಕೊಂಡು ಕೂರೋದು ನಮ್ಮ ಹಾಸ್ಟೆಲ್ ವಿಂಗಿನ ಸಂಪ್ರದಾಯ. ಹೋದ ಸೆಮ್‌ನಲ್ಲಿ ಹಾಗೆ ಸಿಕ್ಕಿದ್ದು ಟಿನ್ ಮ್ಯಾನ್. 2007ರಲ್ಲಿ ಅಮೆರಿಕದ ಸೈಫೈ ಚಾನೆಲ್‌ನಲ್ಲಿ ಮೂರು ಭಾಗಗಳಾಗಿ ಬಂದ ಮಿನಿ ಸೀರೀಸ್. ಅದರಲ್ಲಿ ಕೇನ್ ಅಂತ ಒಬ್ಬ ಪೊಲೀಸ್ ಇದ್ದಾನೆ. ಅವನನ್ನು ಒಂದು ಕಬ್ಬಿಣದ ಕವಚದೊಳಗೆ ನಿಲ್ಲಿಸಿ ಬೀಗ ಹಾಕಿದ್ದಾರೆ. ಅವನ ಕಣ್ಣೆದುರಿಗೆ, ಅವನ ಹೆಂಡತಿ ಮಗನನ್ನು ಸೈನಿಕರು ಹೊಡೆದು ಎಳೆದೊಯ್ಯುವ ರೆಕಾರ್ಡಿಂಗ್ ಲೂಪ್‌ನಲ್ಲಿ ಓಡ್ತಾನೇ ಇರುತ್ತೆ. ವರ್ಷಗಟ್ಟಲೆ. ಇನ್ನೊಬ್ಬ ಗ್ಲಿಚ್. ಅವನ ಅರ್ಧ ಮೆದುಳನ್ನು ತೆಗೆದು ತಲೆಗೆ ಜಿಪ್ ಹಾಕಿ ಬಿಟ್ಟಿದ್ದಾರೆ.

ನಮ್ಮ ರೂಮ್‌ಮೇಟ್ ಒಬ್ಬ ಪಾಸ್ ಮಾಡಿ ಕೇಳಿದ: ಲೋ, ಇದು ಆ ಡೊರೊಥಿ, ನಾಯಿಮರಿ, ಬೆರ್ಚಪ್ಪ, ತಗಡಿನ ಮನುಷ್ಯನ ಮಕ್ಕಳ ಕಥೆ ತಾನೇ? ಇಷ್ಟೊಂದು ಕ್ರೂರ ಯಾಕೋ?

ಆ ಪ್ರಶ್ನೆ ತಲೆಯಲ್ಲಿ ಉಳೀತು. ಮೂಲ ಪುಸ್ತಕ ಹುಡುಕಿ ಓದಿದೆ. ಮೊದಲ ಪುಟದಲ್ಲೇ ಆಶ್ಚರ್ಯ ಕಾದಿತ್ತು. 1900ರಲ್ಲಿ ಆ ಕಥೆ ಬರೆದ ಎಲ್. ಫ್ರಾಂಕ್ ಬಾಮ್ ತನ್ನ ಮುನ್ನುಡಿಯಲ್ಲಿ ಒಂದು ಶಪಥದಂಥ ಮಾತು ಬರೆದಿದ್ದಾನೆ. ಹಳೇ ಕಾಲದ ಅಜ್ಜಿಕಥೆಗಳಲ್ಲಿ ಮಕ್ಕಳನ್ನು ಹೆದರಿಸಿ ನೀತಿ ಕಲಿಸೋ ರಕ್ತಪಾತ ಇತ್ತು, ಈಗಿನ ಮಕ್ಕಳಿಗೆ ಅದು ಬೇಡ. ಬೆರಗು, ಸಂತೋಷ ಇಟ್ಟುಕೊಂಡು ಎದೆನೋವು, ಕೆಟ್ಟ ಕನಸು ಎರಡನ್ನೂ ಹೊರಗಿಡ್ತೀನಿ ಅನ್ನೋದು ಅದರ ಸಾರ. ಅಂದ್ರೆ, ಯಾವುದನ್ನು ಅವನು ಬೇಕೂಂತಲೇ ತೆಗೆದುಹಾಕಿದ್ದನೋ, ಅದನ್ನೇ ನೂರು ವರ್ಷದ ಮೇಲೆ ಟಿವಿಯವರು ವಾಪಸ್ ತಂದು ತುಂಬಿದ್ದಾರೆ. ಹಾಗಾದ್ರೆ ಈ ಮನುಷ್ಯ ಯಾರು? ಕೆಟ್ಟ ಕನಸು ಬೇಡ ಅಂದವನ ಬದುಕು ಹೇಗಿತ್ತು? ಓದ್ತಾ ಹೋದರೆ ಆ ಬದುಕು ಸೀರೀಸ್‌ಗಿಂತ ವಿಚಿತ್ರವಾಗಿತ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಶ್ರೀಮಂತರ ಮನೆಯ ಕನಸುಗಾರ

ಲೈಮನ್ ಫ್ರಾಂಕ್ ಬಾಮ್ ಹುಟ್ಟಿದ್ದು 1856ರ ಮೇ 15ರಂದು, ನ್ಯೂಯಾರ್ಕ್ ರಾಜ್ಯದ ಚಿಟೆನಾಂಗೊ ಅನ್ನೋ ಊರಲ್ಲಿ. ಲೈಮನ್ ಅನ್ನೋ ಹೆಸರು ಅವನಿಗೆ ಇಷ್ಟವಿರಲಿಲ್ಲ. ಹಾಗಾಗಿ ಅದನ್ನು ಎಲ್ ಅನ್ನೋ ಇನಿಶಿಯಲ್‌ಗೆ ಇಳಿಸಿ ಫ್ರಾಂಕ್ ಆದ. ಅಪ್ಪ ಬೆಂಜಮಿನ್ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ದುಡ್ಡು ಮಾಡಿದವನು. ಸಿರಕ್ಯೂಸ್ ಪಟ್ಟಣದ ಹತ್ತಿರ ರೋಸ್ ಲಾನ್ ಅನ್ನೋ ದೊಡ್ಡ ಎಸ್ಟೇಟ್ ಇತ್ತು. ಹುಡುಗ ಅಲ್ಲೇ ಬೆಳೆದ.

ಕನಸು ಕಾಣೋ ಹುಡುಗನನ್ನು ಸರಿ ಮಾಡೋಕೆ ಎಲ್ಲಾ ಕಾಲದ ಅಪ್ಪಂದಿರ ಹತ್ರ ಒಂದೇ ಮದ್ದು: ಶಿಸ್ತಿನ ಸ್ಕೂಲು. ಹನ್ನೆರಡನೇ ವಯಸ್ಸಿಗೆ ಫ್ರಾಂಕ್‌ನನ್ನು ಪೀಕ್‌ಸ್ಕಿಲ್ ಮಿಲಿಟರಿ ಅಕಾಡೆಮಿಗೆ ಹಾಕಿದರು. ಅಲ್ಲಿ ಅವನಿಗೆ ಉಸಿರು ಕಟ್ಟಿತು. ಎರಡು ವರ್ಷದೊಳಗೆ ಹೃದಯದ ತೊಂದರೆ ಅಂತ ಮನೆಗೆ ವಾಪಸ್ ಬಂದ. ಅದು ನಿಜವಾದ ಹೃದಯದ ಕಾಯಿಲೆಯೋ, ಭಯದಿಂದ ಬಂದಿದ್ದೋ ಅಂತ ಜೀವನಚರಿತ್ರೆ ಬರೆದವರು ಇವತ್ತಿಗೂ ವಾದ ಮಾಡ್ತಾರೆ.

ಮನೆಯಲ್ಲಿ ಅಪ್ಪ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಕೊಡಿಸಿದ. ಫ್ರಾಂಕ್ ಮತ್ತು ತಮ್ಮ ಹ್ಯಾರಿ ಸೇರಿ ರೋಸ್ ಲಾನ್ ಹೋಮ್ ಜರ್ನಲ್ ಅನ್ನೋ ಮನೆಪತ್ರಿಕೆ ಅಚ್ಚು ಹಾಕಿದರು. ನಮ್ಮ ಈ ಕನ್ನಡ ಸಂಘದ ಪತ್ರಿಕೆಯ ಹಾಗೇ ಅಂದ್ಕೊಳ್ಳಿ, ಅಚ್ಚಿನ ಮಸಿ ಕೈಗೆ ಅಂಟುತ್ತಿತ್ತು ಅಷ್ಟೇ. ಆಮೇಲೆ ಅಂಚೆಚೀಟಿ ಸಂಗ್ರಹದ ಹುಚ್ಚು ಹಿಡೀತು, 1873ರಲ್ಲಿ ಅಂಚೆಚೀಟಿ ವ್ಯಾಪಾರಿಗಳ ಒಂದು ಡೈರೆಕ್ಟರಿಯನ್ನೇ ತಂದ. ಆಮೇಲೆ ಕೋಳಿ. ಹೌದು, ಕೋಳಿ. ಹ್ಯಾಂಬರ್ಗ್ ಅನ್ನೋ ತಳಿಯ ಕೋಳಿ ಸಾಕೋದರಲ್ಲಿ ಪಳಗಿ, 1880ರಲ್ಲಿ ಕೋಳಿ ಸಾಕಣೆಗೇ ಒಂದು ಮಾಸಪತ್ರಿಕೆ ಶುರು ಮಾಡಿದ. ಓಝ್‌ನ ಮಾಂತ್ರಿಕನನ್ನು ಸೃಷ್ಟಿಸಿದವನು ಬರೆದ ಮೊದಲ ಪುಸ್ತಕದ ವಿಷಯ ಹ್ಯಾಂಬರ್ಗ್ ಕೋಳಿ, 1886ರಲ್ಲಿ ಬಂತು.

ನಾಟಕ, ಬೆಂಕಿ, ಕೀಲೆಣ್ಣೆ

ಅವನಿಗೆ ನಿಜವಾದ ಹುಚ್ಚು ಇದ್ದದ್ದು ನಾಟಕದ್ದು. ಅಪ್ಪ ರಿಚ್‌ಬರ್ಗ್ ಅನ್ನೋ ಊರಲ್ಲಿ ಅವನಿಗಾಗಿ ಒಂದು ಥಿಯೇಟರ್ ಕಟ್ಟಿಸಿಕೊಟ್ಟ. 1882ರಲ್ಲಿ ದಿ ಮೇಡ್ ಆಫ್ ಆರನ್ ಅನ್ನೋ ಸಂಗೀತ ನಾಟಕ ಬರೆದು, ಹಾಡುಗಳನ್ನೂ ಕಟ್ಟಿ, ತಾನೇ ಮುಖ್ಯ ಪಾತ್ರ ಮಾಡಿದ. ನಾಟಕ ಗೆದ್ದಿತು, ತಂಡ ಊರೂರು ಸುತ್ತಿತು. ಅವನು ಹಾಗೆ ಸುತ್ತುತ್ತಿರುವಾಗಲೇ ರಿಚ್‌ಬರ್ಗ್ ಥಿಯೇಟರ್‌ಗೆ ಬೆಂಕಿ ಬಿದ್ದು, ಕಟ್ಟಡ, ವೇಷಭೂಷಣ, ನಾಟಕದ ಪ್ರತಿಗಳು ಎಲ್ಲಾ ಸುಟ್ಟುಹೋದವು.

ಅದೇ 1882ರ ನವೆಂಬರ್‌ನಲ್ಲಿ ಮೌಡ್ ಗೇಜ್ ಜೊತೆ ಮದುವೆ ಆಯ್ತು. ಮೌಡ್ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಓದ್ತಿದ್ದ ಹುಡುಗಿ. ಅವಳ ಅಮ್ಮ ಮಟಿಲ್ಡಾ ಜೋಸ್ಲಿನ್ ಗೇಜ್, ಹೆಂಗಸರ ಮತದಾನದ ಹಕ್ಕಿಗಾಗಿ ಇಡೀ ಅಮೆರಿಕದಲ್ಲಿ ಹೋರಾಡಿದ ದೊಡ್ಡ ಹೆಸರು. ನಾಟಕದವನಿಗೆ ಮಗಳನ್ನು ಕೊಡೋಕೆ ಆಕೆಗೆ ಮನಸ್ಸಿರಲಿಲ್ಲ. ಆದರೆ ಮುಂದೆ ಈ ಅತ್ತೆ ಅಳಿಯನ ಸಂಬಂಧ ಚೆನ್ನಾಗಿ ಬೆಳೀತು. ಮಕ್ಕಳಿಗೆ ಹೇಳೋ ಕಥೆಗಳನ್ನು ಬರೆದು ಪ್ರಕಟಿಸು ಅಂತ ಅಳಿಯನ ಬೆನ್ನು ಬಿದ್ದವಳೇ ಆಕೆ.

ನಾಟಕದಿಂದ ಹೊಟ್ಟೆ ತುಂಬಲಿಲ್ಲ. ಮನೆಯವರ ಎಣ್ಣೆ ಕಂಪನಿಗೆ ಬಂದು ಸೇಲ್ಸ್ ಮಾಡಿದ. ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ಕಿವಿ ಕೊಡಿ. ಅವನು ಮಾರ್ತಿದ್ದದ್ದು ಬಾಮ್ಸ್ ಕ್ಯಾಸ್ಟರೀನ್ ಅನ್ನೋ ಲೂಬ್ರಿಕೆಂಟ್. ನಮ್ಮ ಕಡೆ ಗಾಡಿ ಅಚ್ಚಿಗೆ ಹಾಕ್ತಿದ್ದ ಕೀಲೆಣ್ಣೆ ಇದೆಯಲ್ಲ, ಅದೇ ಜಾತಿ. ಆ ಹೆಸರಿನ ಕಂಪನಿ ನ್ಯೂಯಾರ್ಕ್ ರಾಜ್ಯದಲ್ಲಿ ಇವತ್ತಿಗೂ ಇದೆ. ಕಥೆಯಲ್ಲಿ ಮಳೆಗೆ ತುಕ್ಕು ಹಿಡಿದು ಕೊಡಲಿ ಎತ್ತಿದ ಭಂಗಿಯಲ್ಲೇ ನಿಂತುಹೋದ ತಗಡಿನ ಮನುಷ್ಯನಿಗೆ ಮೊದಲು ಬೇಕಾಗಿದ್ದು ಏನು? ಕೀಲು ಕೀಲಿಗೂ ಎಣ್ಣೆ. ಕತ್ತಿಗೆ, ಮೊಣಕೈಗೆ, ಮಂಡಿಗೆ ಅಂತ ಡೊರೊಥಿ ಕ್ರಮವಾಗಿ ಎಣ್ಣೆ ಬಿಡೋ ಆ ದೃಶ್ಯವನ್ನು ಒಬ್ಬ ಎಣ್ಣೆ ಸೇಲ್ಸ್‌ಮನ್ ಬರೆದದ್ದು ಅಂತ ಗೊತ್ತಾದ ಮೇಲೆ ನನಗೆ ಅದು ಬೇರೆ ಥರಾನೇ ಕಾಣುತ್ತೆ.

ಡಕೋಟಾದ ಬಯಲು

1888ರಲ್ಲಿ ಸಂಸಾರ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಡಕೋಟಾ ಪ್ರಾಂತ್ಯದ ಅಬರ್ಡೀನ್ ಅನ್ನೋ ಹೊಸ ಊರು. ರೈಲು ಬಂದಿತ್ತು, ಜನ ಬರ್ತಿದ್ದರು, ಎಲ್ಲರಿಗೂ ನಾಳೆ ಸಾಹುಕಾರ ಆಗ್ತೀವಿ ಅನ್ನೋ ನಂಬಿಕೆ. ಫ್ರಾಂಕ್ ಅಲ್ಲಿ ಬಾಮ್ಸ್ ಬಜಾರ್ ಅಂತ ಅಂಗಡಿ ತೆರೆದ. ಆಟದ ಸಾಮಾನು, ಪಿಂಗಾಣಿ, ಚೈನೀಸ್ ಲಾಟೀನು, ಐಸ್‌ಕ್ರೀಂ. ಊರಿಗೆ ಬೇಕಾಗಿದ್ದು ಬಿತ್ತನೆ ಬೀಜ, ಇವನ ಅಂಗಡಿಯಲ್ಲಿ ಇದ್ದದ್ದು ಗೊಂಬೆ. ಮೇಲಾಗಿ ಮಳೆ ಕೈಕೊಟ್ಟಿತ್ತು. ರೈತರ ಹತ್ರ ಕಾಸಿರಲಿಲ್ಲ. ಇವನು ಉದ್ರಿ ಕೊಟ್ಟ. ಕೊಡ್ತಾನೇ ಹೋದ. 1890ರ ಹೊಸ ವರ್ಷಕ್ಕೆ ಅಂಗಡಿ ಮುಚ್ಚಿತು.

ಬೂದು ಬಣ್ಣದ ಬಯಲು, ಬಿಸಿಲಿಗೆ ಬಿರುಕು ಬಿಟ್ಟ ನೆಲ, ನಗು ಮರೆತ ಚಿಕ್ಕಮ್ಮ: ಕಥೆಯ ಶುರುವಲ್ಲಿ ಬರೋ ಕ್ಯಾನ್ಸಸ್‌ನ ಆ ಚಿತ್ರ ನಿಜದಲ್ಲಿ ಅವನು ಡಕೋಟಾದಲ್ಲಿ ಕಂಡ ಬರಗಾಲವೇ ಅಂತ ಓದಿದವರು ಹೇಳ್ತಾರೆ.

ಆಮೇಲೆ ಊರಿನ ಒಂದು ವಾರಪತ್ರಿಕೆ ಕೊಂಡ. ಅಬರ್ಡೀನ್ ಸ್ಯಾಟರ್ಡೇ ಪಯನೀರ್. ಸಂಪಾದಕ, ವರದಿಗಾರ, ಜಾಹೀರಾತು ಹಿಡಿಯೋನು ಎಲ್ಲಾ ಅವನೇ. ಊರ ಸುದ್ದಿಯನ್ನು ತಮಾಷೆ ಮಾಡೋ ಒಂದು ಅಂಕಣ ಬರೀತಿದ್ದ. ಹೆಂಗಸರಿಗೆ ಮತದ ಹಕ್ಕು ಬೇಕು ಅಂತ ಗಟ್ಟಿಯಾಗಿ ಬರೆದ, ಊರಿನ ಮತಾಧಿಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದ. 1890ರಲ್ಲಿ ದಕ್ಷಿಣ ಡಕೋಟಾದ ಗಂಡಸರು ಮತ ಹಾಕಿ ಆ ಬೇಡಿಕೆಯನ್ನು ಸೋಲಿಸಿದರು.

ಇಲ್ಲೀವರೆಗೆ ಓದಿದಾಗ ನನಗೆ ಈ ಮನುಷ್ಯ ತುಂಬಾ ಇಷ್ಟವಾಗಿದ್ದ. ಆಮೇಲೆ ಬಂತು ಆ ಎರಡು ಸಂಪಾದಕೀಯ.

1890ರ ಡಿಸೆಂಬರ್ 15ರಂದು ಲಕೋಟಾ ಜನರ ನಾಯಕ ಸಿಟ್ಟಿಂಗ್ ಬುಲ್‌ನನ್ನು ಬಂಧಿಸೋಕೆ ಹೋದ ಪೊಲೀಸರು ಗುಂಡಿಕ್ಕಿ ಕೊಂದರು. ಐದು ದಿನದ ನಂತರ ಬಾಮ್ ತನ್ನ ಪತ್ರಿಕೆಯಲ್ಲಿ ಬರೆದ. ಆ ನಾಯಕನನ್ನು ಸ್ವಲ್ಪ ಹೊಗಳಿ, ಉಳಿದ ಮೂಲನಿವಾಸಿಗಳನ್ನು ಹೀನಾಯವಾಗಿ ಬೈದು, ಗಡಿನಾಡಿನ ಬಿಳಿಯರ ಸುರಕ್ಷತೆಗೆ ಅವರನ್ನು ಪೂರ್ತಿ ನಿರ್ನಾಮ ಮಾಡೋದೇ ದಾರಿ ಅಂದ. ಡಿಸೆಂಬರ್ 29ಕ್ಕೆ ವೂಂಡೆಡ್ ನೀ ಅನ್ನೋ ಜಾಗದಲ್ಲಿ ಅಮೆರಿಕದ ಸೇನೆ ಲಕೋಟಾ ಜನರ ಮೇಲೆ ಗುಂಡಿನ ಮಳೆ ಸುರಿಸಿತು. ಸತ್ತವರು ಕನಿಷ್ಠ 150, ಕೆಲವರ ಲೆಕ್ಕದಲ್ಲಿ 300ರವರೆಗೆ. ಬಹಳಷ್ಟು ಜನ ಹೆಂಗಸರು, ಮಕ್ಕಳು. ಆ ಸುದ್ದಿ ಬಂದ ಮೇಲೂ ಅವನ ಮನಸ್ಸು ಕರಗಲಿಲ್ಲ. 1891ರ ಜನವರಿ 3ರ ಸಂಚಿಕೆಯಲ್ಲಿ ಅದೇ ಮಾತನ್ನು ಮತ್ತೆ ಬರೆದ. ನಾವು ಇಷ್ಟು ದಿನ ಅವರಿಗೆ ಅನ್ಯಾಯ ಮಾಡಿದ್ದೇವೆ ಅಂತ ಒಪ್ಪಿಕೊಂಡು, ಅದಕ್ಕೇ ಇನ್ನೊಂದು ಅನ್ಯಾಯ ಮಾಡಿ ಮುಗಿಸಿಬಿಡೋಣ ಅನ್ನೋ ಅರ್ಥದ ತರ್ಕ.

ಅದು ವ್ಯಂಗ್ಯ ಇರಬಹುದು ಅಂತ ಕೆಲವರು ಸಮಜಾಯಿಷಿ ಕೊಡ್ತಾರೆ. ನಾನು ಎರಡೂ ಬರಹಗಳನ್ನು ನಾಲ್ಕು ಸಲ ಓದಿದೆ. ನನಗೆ ವ್ಯಂಗ್ಯ ಕಾಣಲಿಲ್ಲ. ಹೆದರಿದ ಊರಿನ ಹೆದರಿದ ಸಂಪಾದಕ ಕಂಡ. ಹೆದರಿಕೆ ಕಾರಣ ಆಗಬಹುದು, ಸಮರ್ಥನೆ ಆಗಲ್ಲ. ಅವನ ಸ್ವಂತ ಅತ್ತೆ ಮಟಿಲ್ಡಾ, ಮೂಲನಿವಾಸಿಗಳ ಸಮಾಜದಲ್ಲಿ ಹೆಂಗಸರಿಗಿದ್ದ ಸ್ಥಾನವನ್ನು ಮೆಚ್ಚಿ ಬರೆದವಳು. 1893ರಲ್ಲಿ ಮೊಹಾಕ್ ಜನ ಆಕೆಯನ್ನು ತಮ್ಮ ತೋಳ ಕುಲಕ್ಕೆ ಸೇರಿಸಿಕೊಂಡು ಗೌರವಿಸಿದರು. ಒಂದೇ ಮನೆಯಲ್ಲಿ ಎರಡೂ ಇತ್ತು. ಹಾಗಾಗಿ ಆ ಕಾಲವೇ ಹಾಗಿತ್ತು ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆಗಲ್ಲ.

ಕಿಟಕಿ ಅಲಂಕಾರದಿಂದ ಓಝ್‌ವರೆಗೆ

1891ರಲ್ಲಿ ಪತ್ರಿಕೆಯೂ ಮುಳುಗಿತು. ಸಂಸಾರ ಷಿಕಾಗೋಗೆ ಬಂತು. ಆಗ ನಾಲ್ಕು ಗಂಡುಮಕ್ಕಳು. ಸ್ವಲ್ಪ ದಿನ ಪತ್ರಿಕೆಯ ವರದಿಗಾರ, ಆಮೇಲೆ ಪಿಂಗಾಣಿ ಪಾತ್ರೆ ಮಾರೋ ಸೇಲ್ಸ್‌ಮನ್. ರೈಲಿನಲ್ಲಿ ಪೆಟ್ಟಿಗೆ ಹೊತ್ತು ಊರೂರು ಅಲೀತಿದ್ದ. ಮನೆಗೆ ಬಂದ ರಾತ್ರಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳ್ತಿದ್ದ.

ಅಂಗಡಿಗಳಿಗೆ ಹೋಗಿ ಬಂದು ಅವನಿಗೆ ಒಂದು ವಿಷಯ ಹೊಳೀತು. ಸಾಮಾನು ಚೆನ್ನಾಗಿದ್ದರೂ ಅಂಗಡಿ ಮುಂದಿನ ಗಾಜಿನ ಕಿಟಕಿಯಲ್ಲಿ ಅದನ್ನು ಜೋಡಿಸೋದು ಯಾರಿಗೂ ಬರಲ್ಲ. 1897ರಲ್ಲಿ ಅದಕ್ಕೇ ದಿ ಶೋ ವಿಂಡೋ ಅಂತ ಪತ್ರಿಕೆ ಶುರು ಮಾಡಿದ. ಕಿಟಕಿ ಅಲಂಕರಿಸುವವರ ರಾಷ್ಟ್ರೀಯ ಸಂಘವನ್ನೂ ಕಟ್ಟಿದ. ಬೆಳಕು ಎಲ್ಲಿಂದ ಬೀಳಬೇಕು, ತಿರುಗೋ ಗೊಂಬೆ ಹೇಗೆ ಇಡಬೇಕು, ದಾರೀಲಿ ಹೋಗೋನನ್ನು ಹೇಗೆ ನಿಲ್ಲಿಸಬೇಕು ಅನ್ನೋದೇ ಅದರ ವಿಷಯ. ಪರದೆ ಹಿಂದೆ ನಿಂತು ಯಂತ್ರ ಓಡಿಸಿ ಜನರನ್ನು ಬೆರಗು ಮಾಡೋ ಓಝ್‌ನ ಮಾಂತ್ರಿಕ ಎಲ್ಲಿಂದ ಬಂದ ಅಂತ ಈಗ ಗೊತ್ತಾಯ್ತಲ್ವಾ? ಒಂದು ಹಾರ್ಡ್‌ವೇರ್ ಅಂಗಡಿ ಕಿಟಕಿಗೆ ಅಪ್ಪ ನೀರು ಕಾಯಿಸೋ ಹಂಡೆ, ಒಲೆಯ ಕೊಳವೆ, ಬಾಣಲೆ ಸೇರಿಸಿ, ಆಲಿಕೆಯ ಟೋಪಿ ಹಾಕಿ ಒಂದು ಮನುಷ್ಯಾಕೃತಿ ಮಾಡಿದ್ದ, ತಗಡಿನ ಮನುಷ್ಯ ಹುಟ್ಟಿದ್ದು ಅಲ್ಲೇ ಅಂತ ಒಬ್ಬ ಮಗ ಮುಂದೆ ನೆನಪಿಸಿಕೊಂಡಿದ್ದಾನೆ.

1899ರಲ್ಲಿ ಫಾದರ್ ಗೂಸ್ ಅನ್ನೋ ಪದ್ಯಪುಸ್ತಕ ಬಂತು, ಚಿತ್ರ ಬಿಡಿಸಿದವನು ಡಬ್ಲ್ಯೂ. ಡಬ್ಲ್ಯೂ. ಡೆನ್ಸ್‌ಲೋ. ಭರ್ಜರಿಯಾಗಿ ಮಾರಾಟವಾಯ್ತು. ನಲವತ್ಮೂರು ವರ್ಷದ ಬಾಮ್‌ಗೆ ಮೊದಲ ಸಲ ಗೆಲುವಿನ ರುಚಿ ಸಿಕ್ಕಿತು. ಆ ಹೊತ್ತಿಗೆ ಮನೆಯಲ್ಲಿ ಎರಡು ಸಾವು ಆಗಿದ್ದವು. 1898ರ ಮಾರ್ಚ್‌ನಲ್ಲಿ ಅತ್ತೆ ಮಟಿಲ್ಡಾ ಇವರ ಮನೆಯಲ್ಲೇ ತೀರಿಕೊಂಡಳು. ಅದೇ ವರ್ಷ ಮೌಡ್‌ಳ ಅಣ್ಣನ ಹಸುಗೂಸು ಒಂದು ತೀರಿಕೊಂಡಿತು. ಆ ಮಗುವಿನ ಹೆಸರು ಡೊರೊಥಿ. ಆ ಹೆಸರೇ ಕಥೆಯ ಹುಡುಗಿಗೆ ಬಂತು ಅಂತಾರೆ. ಎದೆನೋವನ್ನು ಹೊರಗಿಡ್ತೀನಿ ಅಂದವನ ಪುಸ್ತಕದ ಒಳಗೆ ಅದು ಹೀಗೆ ಹೆಸರಾಗಿ ಕೂತಿದೆ.

1900ರಲ್ಲಿ ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಝ್ ಹೊರಬಂತು. ಬಣ್ಣದ ಚಿತ್ರಗಳ ಅಚ್ಚಿನ ಖರ್ಚನ್ನು ಬಾಮ್ ಮತ್ತು ಡೆನ್ಸ್‌ಲೋ ತಾವೇ ಹಾಕಿಕೊಳ್ಳಬೇಕಾಯ್ತು. ಪುಸ್ತಕ ಹಾರಿಹೋಯ್ತು. 1902ರಲ್ಲಿ ಷಿಕಾಗೋದಲ್ಲಿ ಅದರ ಸಂಗೀತ ನಾಟಕ ರಂಗಕ್ಕೆ ಬಂತು, ಮರುವರ್ಷ ಬ್ರಾಡ್‌ವೇಗೂ ಹೋಯ್ತು. ಹಳೇ ಬೆಂಕಿಯ ಬೂದಿಯಿಂದ ನಾಟಕ ಮತ್ತೆ ಎದ್ದು ಬಂದಿತ್ತು.

ಒಳಗೇ ಇದ್ದ ಕತ್ತಲು

ಈಗ ನಮ್ಮ ರೂಮ್‌ಮೇಟ್ ಪ್ರಶ್ನೆಗೆ ಬರೋಣ. ಕೆಟ್ಟ ಕನಸು ಹೊರಗಿಡ್ತೀನಿ ಅಂದ ಆ ಪುಸ್ತಕದಲ್ಲಿ ನಿಜವಾಗ್ಲೂ ಕೆಟ್ಟ ಕನಸು ಇಲ್ವಾ?

ತಗಡಿನ ಮನುಷ್ಯ ಮೊದಲು ಮಾಂಸ ಮೂಳೆಯ ಮನುಷ್ಯನೇ. ಕಾಡಲ್ಲಿ ಮರ ಕಡಿಯೋನು. ಅವನ ಪ್ರೀತಿ ತಪ್ಪಿಸೋಕೆ ಮಾಟಗಾತಿ ಅವನ ಕೊಡಲಿಗೇ ಮಂತ್ರ ಹಾಕ್ತಾಳೆ. ಕೊಡಲಿ ಜಾರಿ ಅವನ ಕಾಲು ಕತ್ತರಿಸುತ್ತೆ. ತಗಡಿನ ಕೆಲಸದವನ ಹತ್ರ ಹೋಗಿ ತಗಡಿನ ಕಾಲು ಹಾಕಿಸಿಕೊಳ್ತಾನೆ. ಆಮೇಲೆ ಇನ್ನೊಂದು ಕಾಲು, ಕೈಗಳು, ತಲೆ, ಕೊನೆಗೆ ಮುಂಡ. ಎಲ್ಲಾ ಬದಲಾಗಿ ಹೃದಯವೇ ಇಲ್ಲದಾಗುತ್ತೆ. ಕನ್ನಡದಲ್ಲಿ ನಾವು ಉಪಯೋಗಕ್ಕೆ ಬಾರದವನನ್ನು ತಗಡು ಅಂತ ಬೈತೀವಲ್ಲ, ಈ ತಗಡಿನ ಕಥೆ ಓದಿದ ಮೇಲೆ ಬೈಯೋಕೆ ಮನಸ್ಸು ಬರಲ್ಲ. ಇದೇ ತಗಡಿನವನು ಮುಂದೆ ಅದೇ ಕೊಡಲಿಯಿಂದ ನಲವತ್ತು ತೋಳಗಳ ತಲೆ ಕಡೀತಾನೆ. ನಲವತ್ತು ಕಾಗೆಗಳ ಕತ್ತನ್ನು ಬೆರ್ಚಪ್ಪ ತಿರುವಿ ಹಾಕ್ತಾನೆ. 1918ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ತಗಡಿನವನು ಆ ತಗಡಿನ ಕೆಲಸದವನ ಅಂಗಡಿಗೆ ವಾಪಸ್ ಹೋಗ್ತಾನೆ. ಅಲ್ಲಿ ಕಪಾಟಿನೊಳಗೆ ತನ್ನದೇ ಹಳೇ ತಲೆ ಸಿಗುತ್ತೆ. ಇಬ್ಬರೂ ಮಾತಾಡ್ತಾರೆ. ತಲೆಗೆ ಇವನ ಮೇಲೆ ಏನೂ ಪ್ರೀತಿ ಇಲ್ಲ.

ಯಾವ ಡಾರ್ಕ್ ಸೀರೀಸ್ ಬರೆದವನಿಗೂ ಇಷ್ಟು ಹೊಳೆದಿರಲಿಕ್ಕಿಲ್ಲ. ವ್ಯತ್ಯಾಸ ಇರೋದು ಹೇಳೋ ರೀತಿಯಲ್ಲಿ. ಬಾಮ್ ಇದನ್ನೆಲ್ಲಾ ಬಸ್ ತಪ್ಪಿದ ಸುದ್ದಿ ಹೇಳಿದ ಹಾಗೆ ಹೇಳ್ತಾನೆ. ರಕ್ತ ಇಲ್ಲ, ನರಳಾಟ ಇಲ್ಲ. ಮಗು ಓದಿ ಮುಂದೆ ಹೋಗುತ್ತೆ. ಟಿವಿಯವರು ಅದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಆ ಮನುಷ್ಯನಿಗೆ ಎಷ್ಟು ನೋವಾಗಿರಬೇಕು ಅಂತ ಕೇಳ್ತಾರೆ. ಟಿನ್ ಮ್ಯಾನ್ ಕೇಳಿದ್ದು ಅದನ್ನೇ. 2017ರಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಬಂದ ಎಮರಾಲ್ಡ್ ಸಿಟಿ ಕೂಡ ಅದನ್ನೇ ಕೇಳಿತು. ಅದರ ಹತ್ತೂ ಎಪಿಸೋಡ್ ನಿರ್ದೇಶಿಸಿದವರು ನಮ್ಮ ಪಂಜಾಬ್‌ನ ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಅದರಲ್ಲಿ ಡೊರೊಥಿ ನರ್ಸ್, ಮಾಂತ್ರಿಕ ಸರ್ವಾಧಿಕಾರಿ, ಬೆರ್ಚಪ್ಪನ ಜಾಗದಲ್ಲಿ ಶಿಲುಬೆಗೆ ಕಟ್ಟಿಹಾಕಿದ, ನೆನಪು ಕಳಕೊಂಡ ಒಬ್ಬ ಸೈನಿಕ. ನೋಡೋಕೆ ಅದ್ಭುತವಾಗಿತ್ತು, ಆದರೆ ಒಂದೇ ಸೀಸನ್‌ಗೆ ಚಾನೆಲ್ ಕೈಬಿಟ್ಟಿತು.

ಇವರೆಲ್ಲಾ ಈ ಕಥೆಯನ್ನೇ ಯಾಕೆ ಹಿಡೀತಾರೆ ಅನ್ನೋದಕ್ಕೆ ಒಂದು ಒಣ ಕಾರಣವೂ ಇದೆ. 1956ರಲ್ಲಿ ಅಮೆರಿಕದಲ್ಲಿ ಮೊದಲ ಪುಸ್ತಕದ ಕಾಪಿರೈಟ್ ಮುಗೀತು. ಓಪನ್ ಸೋರ್ಸ್ ಆದ ಹಾಗೆ, ಯಾರು ಬೇಕಾದ್ರೂ ಫೋರ್ಕ್ ಮಾಡಬಹುದು. ಆದರೆ 1939ರ ಎಂಜಿಎಂ ಸಿನಿಮಾದ್ದು ಬೇರೆ ಹಕ್ಕು. ಕೆಂಪು ಹರಳಿನ ಬೂಟು ಆ ಸಿನಿಮಾದ ಸೃಷ್ಟಿ, ಪುಸ್ತಕದಲ್ಲಿ ಇರೋದು ಬೆಳ್ಳಿಯ ಬೂಟು. ಅದೇ 1956ರ ನವೆಂಬರ್‌ನಲ್ಲಿ ಆ ಸಿನಿಮಾ ಮೊದಲ ಸಲ ಅಮೆರಿಕದ ಟಿವಿಯಲ್ಲಿ ಬಂತು. ಮುಂದೆ ವರ್ಷಕ್ಕೊಂದು ಸಲ ಹಬ್ಬದ ಥರ ತೋರಿಸೋ ರೂಢಿ ಆಯ್ತು. ಹಾಗಾಗಿ ಅಲ್ಲಿನ ಎಲ್ಲರಿಗೂ ಕಥೆ ಬಾಯಿಪಾಠ. ಬಾಯಿಪಾಠ ಆಗಿರೋ ಕಥೆಯನ್ನೇ ತಿರುಚಿದರೆ ಬೆಚ್ಚಿಬೀಳ್ತಾರೆ.

ಎಲೆಕ್ಟ್ರಿಕಲ್‌ನವರಿಗೆ ಒಂದು ಪುಸ್ತಕ

ಬಾಮ್ ಓಝ್ ಒಂದನ್ನೇ ಬರೆದು ಕೂತವನಲ್ಲ. ಅವನ ಎರಡನೇ ಮಗ ರಾಬರ್ಟ್‌ಗೆ ವೈರು, ಬ್ಯಾಟರಿ, ಬೆಲ್ಲುಗಳ ಹುಚ್ಚು. ಅವನಿಗೇ ಅರ್ಪಿಸಿ 1901ರಲ್ಲಿ ದಿ ಮಾಸ್ಟರ್ ಕೀ ಅಂತ ಒಂದು ವಿದ್ಯುತ್ತಿನ ಕಿನ್ನರ ಕಥೆ ಬರೆದ. ಹುಡುಗ ತಂತಿಗಳ ಜೊತೆ ಆಟ ಆಡ್ತಾ ಅಚಾನಕ್ಕಾಗಿ ವಿದ್ಯುತ್ತಿನ ಭೂತವನ್ನೇ ಕರೆದುಬಿಡ್ತಾನೆ. ಭೂತ ಕೊಡೋ ಉಡುಗೊರೆಗಳಲ್ಲಿ, ಪ್ರಪಂಚದಲ್ಲಿ ಎಲ್ಲಿ ಏನಾಗ್ತಿದೆ ಅಂತ ತೋರಿಸೋ ಜೇಬಿನ ಪೆಟ್ಟಿಗೆ ಒಂದು. ಎದುರಿಗಿದ್ದವನ ಹಣೆಯ ಮೇಲೆ ಅವನ ಗುಣ ಅಕ್ಷರದಲ್ಲಿ ಕಾಣೋ ಹಾಗೆ ಮಾಡೋ ಕನ್ನಡಕ ಇನ್ನೊಂದು. ಫೋನು, ಸ್ಮಾರ್ಟ್ ಗ್ಲಾಸ್ ನೆನಪಾಗಲಿಲ್ವಾ? ಕೊನೆಗೆ ಹುಡುಗ ಎಲ್ಲವನ್ನೂ ವಾಪಸ್ ಕೊಟ್ಟುಬಿಡ್ತಾನೆ, ಮನುಷ್ಯರು ಇದಕ್ಕೆ ಇನ್ನೂ ತಯಾರಾಗಿಲ್ಲ ಅಂತ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಓದಬೇಕಾದ ಕಥೆ.

1907ರ ಓಝ್ಮಾ ಆಫ್ ಓಝ್‌ನಲ್ಲಿ ಟಿಕ್-ಟಾಕ್ ಅನ್ನೋ ತಾಮ್ರದ ಯಂತ್ರಮಾನವ ಬರ್ತಾನೆ. ರೋಬೋಟ್ ಅನ್ನೋ ಪದ ಕಾರೆಲ್ ಚಾಪೆಕ್‌ನ ನಾಟಕದಲ್ಲಿ ಬಂದದ್ದು 1920ರಲ್ಲಿ. ಟಿಕ್-ಟಾಕ್‌ಗೆ ಮೂರು ಬೇರೆ ಬೇರೆ ಸ್ಪ್ರಿಂಗ್: ಯೋಚನೆಗೆ ಒಂದು, ಮಾತಿಗೆ ಒಂದು, ಚಲನೆಗೆ ಒಂದು. ಒಂದೊಂದಕ್ಕೂ ಬೇರೆ ಕೀ ಕೊಡಬೇಕು. ಯೋಚನೆಯ ಸ್ಪ್ರಿಂಗ್ ಬಿಚ್ಚಿಹೋದ ಮೇಲೂ ಮಾತಿನದು ಓಡ್ತಾ ಇರಬಹುದು. ಈ ಕಂಡೀಶನ್ ನಮ್ಮ ವೈವಾದಲ್ಲಿ ಸುಮಾರು ಜನರಲ್ಲಿ ಕಂಡುಬರುತ್ತೆ.

ಮತ್ತೆ ದಿವಾಳಿ

ಕೈಗೆ ದುಡ್ಡು ಬಂದರೆ ಬಾಮ್ ಅದನ್ನು ನಾಟಕಕ್ಕೆ ಸುರಿದ. 1908ರಲ್ಲಿ ಒಂದು ವಿಚಿತ್ರ ಪ್ರದರ್ಶನ ಕಟ್ಟಿದ: ಕೈಯಿಂದ ಬಣ್ಣ ಹಾಕಿದ ಸಿನಿಮಾ ತುಣುಕು, ಸ್ಲೈಡು, ರಂಗದ ಮೇಲೆ ನಟರು, ಪಕ್ಕದಲ್ಲಿ ವಾದ್ಯತಂಡ, ನಡುವೆ ಬಿಳಿ ಸೂಟು ಹಾಕಿ ಕಥೆ ಹೇಳೋ ಬಾಮ್. ಕಾಲಕ್ಕಿಂತ ಮುಂದೆ ಇತ್ತು. ಜನ ಬಂದು ನೋಡಿದರು, ಆದರೆ ಖರ್ಚು ಟಿಕೆಟ್ ದುಡ್ಡಿಗಿಂತ ಎಷ್ಟೋ ಹೆಚ್ಚು. ಕೆಲವೇ ತಿಂಗಳಲ್ಲಿ ನಿಂತುಹೋಯ್ತು. 1911ರಲ್ಲಿ ಬಾಮ್ ಕಾನೂನುಬದ್ಧವಾಗಿ ದಿವಾಳಿ ಘೋಷಿಸಿದ.

ಓಝ್ ಬರೆದು ಬರೆದು ಅವನಿಗೇ ಸಾಕಾಗಿತ್ತು. 1910ರ ಪುಸ್ತಕದಲ್ಲಿ ಓಝ್ ದೇಶವನ್ನು ಹೊರಗಿನವರಿಗೆ ಕಾಣದ ಹಾಗೆ ಮಾಡಿ, ಇನ್ನು ಅಲ್ಲಿಂದ ಸುದ್ದಿ ಬರಲ್ಲ ಅಂತ ಬಾಗಿಲು ಹಾಕಿದ. ಸಮುದ್ರದ ಕಥೆ, ಆಕಾಶದ ಕಥೆ ಅಂತ ಬೇರೆ ಪುಸ್ತಕ ಬರೆದ. ಓದುಗರು ಅಷ್ಟಾಗಿ ಕೊಳ್ಳಲಿಲ್ಲ. ಮಕ್ಕಳು ಪತ್ರ ಬರೀತಾನೇ ಇದ್ದರು. ಸಾಲವೂ ಇತ್ತು. 1913ರಲ್ಲಿ ಓಝ್‌ಗೆ ವಾಪಸ್ ಬಂದ. ಎಡಿತ್ ವ್ಯಾನ್ ಡೈನ್ ಅನ್ನೋ ಹೆಣ್ಣು ಹೆಸರಲ್ಲಿ ಹುಡುಗಿಯರ ಕಾದಂಬರಿ ಸರಣಿ ಬರೆದು ಮನೆ ನಡೆಸಿದ. ಅಷ್ಟರಲ್ಲಿ ಮನೆ ಹಾಲಿವುಡ್‌ಗೆ ಬಂದಿತ್ತು, ಹೆಸರು ಓಝ್‌ಕಾಟ್. 1914ರಲ್ಲಿ ಅಲ್ಲಿ ಓಝ್ ಫಿಲ್ಮ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅಂತ ಒಂದು ಸ್ಟುಡಿಯೋನೂ ಶುರು ಮಾಡಿದ. ಮಕ್ಕಳ ಸಿನಿಮಾ ಅಂದ್ರೆ ಥಿಯೇಟರ್‌ನವರು ಮೂಗು ಮುರಿದರು. ಅದೂ ಮುಚ್ಚಿತು.

ಕೊನೆಯ ವರ್ಷಗಳಲ್ಲಿ ಹೃದಯ ಕೈಕೊಟ್ಟಿತ್ತು. 1918ರಲ್ಲಿ ಪಿತ್ತಕೋಶದ ಆಪರೇಷನ್ ಆದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಹಾಸಿಗೆಯಲ್ಲೇ ಬರೆದ. 1919ರ ಮೇ 6ರಂದು ತೀರಿಕೊಂಡ, ಅರವತ್ಮೂರು ತುಂಬೋಕೆ ಒಂಬತ್ತು ದಿನ ಇತ್ತು. ಓಝ್‌ನ ಹದಿನಾಲ್ಕನೇ ಕಾದಂಬರಿ ಮರುವರ್ಷ ಬಂತು. 1939ರ ಸಿನಿಮಾ ನೋಡೋಕೆ ಅವನಿರಲಿಲ್ಲ, ಮೌಡ್ ಇದ್ದಳು.

ಲೆಕ್ಕ ಮುಗಿಯದ ಪುಟ

2006ರಲ್ಲಿ ಬಾಮ್‌ನ ವಂಶಸ್ಥರು ದಕ್ಷಿಣ ಡಕೋಟಾದಲ್ಲಿ ಲಕೋಟಾ ಜನರ ಮುಂದೆ ನಿಂತು, ಆ ಎರಡು ಸಂಪಾದಕೀಯಗಳಿಗಾಗಿ ಕ್ಷಮೆ ಕೇಳಿದರು. ಬರೆದು 115 ವರ್ಷ ಆಗಿತ್ತು. ಬರೆದವನು ತಾನಾಗಿ ಎಂದೂ ಕೇಳಿದ ದಾಖಲೆ ನನಗೆ ಸಿಗಲಿಲ್ಲ.

ಇದನ್ನೆಲ್ಲಾ ಹೇಳಿ ಮುಗಿಸಿದಾಗ ರೂಮ್‌ಮೇಟ್ ಕೇಳಿದ, ಹಾಗಾದ್ರೆ ಪುಸ್ತಕ ಓದಬೇಕೋ ಬೇಡವೋ? ಓದು ಅಂದೆ. ಅದು ನೆಟ್‌ನಲ್ಲಿ ಫ್ರೀ ಇದೆ, ಒಂದು ರಾತ್ರಿಯ ಕೆಲಸ. ಆದರೆ ಅದರ ಪಕ್ಕದಲ್ಲಿ ಆ ಎರಡು ಸಂಪಾದಕೀಯಗಳನ್ನೂ ಓದು. ಹತ್ತು ನಿಮಿಷ ಸಾಕು. ಟಿವಿಯವರು ಓಝ್‌ನಲ್ಲಿ ಕತ್ತಲು ಹುಡುಕ್ತಾರೆ, ಹುಡುಕಲಿ, ಕೆಲವು ಸಲ ಒಳ್ಳೇ ಸೀರೀಸ್ ಸಿಗುತ್ತೆ. ಆದರೆ ಬಾಮ್‌ನ ಬದುಕಿನ ನಿಜವಾದ ಕೆಟ್ಟ ಕನಸು ಓಝ್‌ನಲ್ಲಿ ಇಲ್ಲ. ಅದು ಅಬರ್ಡೀನ್‌ನ ಒಂದು ಶನಿವಾರದ ಪತ್ರಿಕೆಯಲ್ಲಿದೆ. ಅಲ್ಲಿ ಮಾಟಗಾತಿ ಇಲ್ಲ, ಮಂತ್ರ ಹಾಕಿದ ಕೊಡಲಿ ಇಲ್ಲ. ಸಾಲದಲ್ಲಿ ಮುಳುಗಿದ್ದ, ಮಕ್ಕಳನ್ನು ಪ್ರೀತಿಸ್ತಿದ್ದ, ಹೆಂಗಸರ ಹಕ್ಕಿಗಾಗಿ ವಾದಿಸ್ತಿದ್ದ ಒಬ್ಬ ಸಾಮಾನ್ಯ ಅಪ್ಪ ಇದ್ದಾನೆ. ಒಂಬತ್ತು ವರ್ಷದ ಮೇಲೆ ಅದೇ ಕೈ, ಹೃದಯ ಬೇಕು ಅಂತ ಮೈಲಿಗಟ್ಟಲೆ ನಡೆಯೋ ಒಂದು ತಗಡಿನ ಮನುಷ್ಯನ ಕಥೆ ಬರೀತು.

ರೂಮ್‌ಮೇಟ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲ್ಯಾಪ್‌ಟಾಪ್ ತೆಗೆದು, ಮೊದಲು ಯಾವುದು ಓದ್ಲಿ ಅಂತ ಕೇಳಿದ.